ಪಿಪ್‌ ನಾಚಿಕೊಂಡದ್ದು ಯಾರನ್ನು ಕಂಡು?

ಇಂಗ್ಲೆಂಡಿನ ಮಕ್ಕಳು 16ರ ಆಸುಪಾಸಿನಲ್ಲಿ ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಇಂಗ್ಲಿಷ್ ಸಾಹಿತ್ಯದಲ್ಲಿ 19ನೇ ಶತಮಾನದ ಕಾದಂಬರಿಯೊಂದು ಇರಲೇಬೇಕು. ಪರೀಕ್ಷೆಗೆ ಪುಸ್ತಕ ಒಯ್ಯುವಂತಿಲ್ಲ. ಹಾಗಾಗಿ ಪರೀಕ್ಷೆ ಹತ್ತಿರವಾದಂತೆ ಇಲ್ಲಿನ ಕನ್ನಡದ ಮನೆಗಳಲ್ಲೂ ವಸ್ತು, ಪಾತ್ರ, ತಂತ್ರ ಎಂದು ಚೀಟಿಗಳಲ್ಲಿ ಬರೆದುಕೊಂಡು ಉರು ಹೊಡೆಯುವ ಕೆಲಸ ಶುರುವಾಗುತ್ತದೆ. ಶಾಲೆಗಳು ಆರಿಸಿಕೊಳ್ಳಬಹುದಾದ ಕಾದಂಬರಿಗಳಲ್ಲಿ ಷಾರ್ಲೆಟ್ ಬ್ರಾಂಟಿಯ ‘ಜೇನ್ ಐರ್’ (1847), ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ (1860–61) ಎರಡೂ ಮಗುವೊಂದು ಬೆಳೆದು ದೊಡ್ಡದಾಗುವ ಕಥೆಗಳು. ಅವನ್ನು ಮಕ್ಕಳ ಅಂಕಗಳಿಗೆ ಮಾತ್ರ ಬಿಟ್ಟುಕೊಟ್ಟರೆ ಹೆತ್ತವರಾದ ನಮಗೇ ನಷ್ಟ.

ಎರಡರಲ್ಲೂ ಮುಖ್ಯ ಪಾತ್ರ ಅನಾಥ ಮಗು. 10 ವರ್ಷದ ಜೇನ್ ಸೋದರಮಾವನ ಮನೆಯಲ್ಲಿ ಬೇಡದವಳು. ಎದುರಾಡಿದ್ದಕ್ಕೆ, ಮಾವ ತೀರಿಕೊಂಡ ಕೆಂಪು ಕೋಣೆಯಲ್ಲಿ ಅವಳನ್ನು ಕೂಡಿಹಾಕುತ್ತಾರೆ. ಪಿಪ್‌ ಬೆಳೆದದ್ದು ಸಿಡುಕಿನ ಅಕ್ಕನ ಕೈಯಲ್ಲಿ. ತಂದೆತಾಯಿಯನ್ನು ಕಥೆಯಿಂದ ಹೊರಗಿಟ್ಟರೆ ಸರಿ ತಪ್ಪುಗಳನ್ನು ಮಗುವೇ ತೂಗಬೇಕಾಗುತ್ತದೆ. ಇದು ಇಂಥ ಕಾದಂಬರಿಗಳ ಹಳೆಯ ತಂತ್ರ. ಹಾಗಾದರೆ ಇವುಗಳಲ್ಲಿ ನಮ್ಮ ಜಾಗ ಎಲ್ಲಿ? ನಮ್ಮ ಉತ್ತರ: ಪಿಪ್‌ನ ಭಾವ, ಕಮ್ಮಾರ ಜೋ ಇರುವಲ್ಲಿ.

ಜೋನ ಟೋಪಿ

ಯಾರೋ ಗುಟ್ಟಾಗಿ ಕೊಟ್ಟ ಹಣದಿಂದ ಪಿಪ್‌ ಜಂಟಲ್‌ಮನ್ ಆಗಲು ಲಂಡನ್ನಿಗೆ ಬರುತ್ತಾನೆ. 27ನೇ ಅಧ್ಯಾಯದಲ್ಲಿ ಅವನನ್ನು ನೋಡಲು ಜೋ ಬರುತ್ತಾನೆ. ಒಳ್ಳೆಯ ಬಟ್ಟೆ ತೊಟ್ಟಿದ್ದಾನೆ, ಅದು ಮೈಗೆ ಒಗ್ಗಿಲ್ಲ. ಟೋಪಿಯನ್ನು ಎಲ್ಲಿಡಬೇಕೋ ತಿಳಿಯದೆ ಅಗ್ಗಿಷ್ಟಿಕೆಯ ಮೇಲಿನ ಅಂಚಿನಲ್ಲಿಡುತ್ತಾನೆ. ಅದು ಮತ್ತೆ ಮತ್ತೆ ಬೀಳುತ್ತದೆ. ಎತ್ತಿ ಆಡಿಸಿದ ಹುಡುಗನನ್ನೇ ‘ಸರ್’ ಎನ್ನುತ್ತಾನೆ. ದುಡ್ಡು ಕೊಟ್ಟಾದರೂ ಇವನು ಬರದಂತೆ ಮಾಡಬಹುದಿತ್ತು ಎಂಬಷ್ಟು ಮುಜುಗರ ಪಿಪ್‌ನಿಗೆ. ಜೋಗೆ ಎಲ್ಲವೂ ಅರ್ಥವಾಗುತ್ತದೆ. ಮುನಿಸಿಲ್ಲದೆ, ಊಟಕ್ಕೂ ನಿಲ್ಲದೆ ಹೊರಟುಹೋಗುತ್ತಾನೆ.

ಇದನ್ನು ಹೇಳುತ್ತಿರುವವನು ಅಂದಿನ ಯುವಕನಲ್ಲ, ವಯಸ್ಸಾದ ಪಿಪ್‌. ಅಂದು ಕಣ್ಣಿಗೆ ಬಿದ್ದದ್ದು ಬೀಳುವ ಟೋಪಿ ಮಾತ್ರ. ಬರೆಯುವ ಹೊತ್ತಿಗೆ ಕಾಣುತ್ತಿರುವುದು ತನ್ನ ಸಣ್ಣತನ. ನಾಚಿಕೆ ಯುವಕನದು, ಪಶ್ಚಾತ್ತಾಪ ಬರೆಯುವವನದು. ಪರೀಕ್ಷೆಯಲ್ಲಿ ನಿರೂಪಣಾ ತಂತ್ರ ಎನ್ನುವುದು ಇದನ್ನೇ. ಬದುಕಿನಲ್ಲಿ ಇದರ ಅರ್ಥ ಇಷ್ಟೆ: ಮಕ್ಕಳಿಗೆ ಆ ಹೊತ್ತಿನಲ್ಲಿ ಹೇಳಲಾಗದ ಮಾತುಗಳಿರುತ್ತವೆ, ಅವು ಬರಲು ವರ್ಷಗಳು ಹಿಡಿಯುತ್ತವೆ.

ಇನ್ನೊಂದು ಪ್ರತಿಮೆ ಮಿಸ್ ಹ್ಯಾವಿಶಮ್‌ಳ ಗಡಿಯಾರಗಳು. ಮದುವೆ ಮುರಿದ ಘಳಿಗೆಗೆ, 8 ಗಂಟೆ 40 ನಿಮಿಷಕ್ಕೆ, ಅವನ್ನು ನಿಲ್ಲಿಸಿಬಿಟ್ಟಿದ್ದಾಳೆ. ಊರು ಬಿಟ್ಟ ದಿನದ ಕರ್ನಾಟಕವನ್ನೇ ಮನಸ್ಸಿನಲ್ಲಿಟ್ಟುಕೊಂಡು, ಮಕ್ಕಳೂ ಅದರಂತೆಯೇ ನಡೆಯಲಿ ಎನ್ನುವ ನಮಗೆ ಆ ಗಡಿಯಾರ ಅಪರಿಚಿತವಲ್ಲ.

ಮಾಲ್ಗುಡಿಯಲ್ಲೂ ಅದೇ

ಇದು ವಿಲಾಯಿತಿಯ ಕಥೆ ಮಾತ್ರ ಎನ್ನುವಂತಿಲ್ಲ. ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ (1935) ಇದೆ; ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ನಮ್ಮಲ್ಲಿ ಬಹಳ ಮಂದಿಗೆ ಸ್ವಾಮಿ ಪರಿಚಿತ. ಪೊಲೀಸ್ ಅಧಿಕಾರಿಯ ಮಗ ರಾಜಂ ಮನೆಗೆ ಬರುವವನಿದ್ದಾಗ ಸ್ವಾಮಿ ಅಜ್ಜಿಗೆ ಹೇಳುತ್ತಾನೆ: ಅವನಿದ್ದಾಗ ನನ್ನ ಕೋಣೆಗೆ ಬರಬೇಡ, ನೀನು ತುಂಬಾ ಮುದುಕಿ. ಅಜ್ಜಿ ಬೇಸರಿಸದೆ ಒಪ್ಪಿಕೊಳ್ಳುತ್ತಾಳೆ. ನಾರಾಯಣ್ ಇಲ್ಲಿ ಹೊರಗೆ ನಿಂತು ನಗುತ್ತಾ ಹೇಳುತ್ತಾರೆ, ತೀರ್ಪು ಕೊಡುವುದಿಲ್ಲ. ಡಿಕನ್ಸ್ ಪಶ್ಚಾತ್ತಾಪದಿಂದ ಮುಟ್ಟಿದ್ದನ್ನು ಅವರು ತಮಾಷೆಯಿಂದ ಮುಟ್ಟುತ್ತಾರೆ. ಜೋ, ಅಜ್ಜಿ ಇಬ್ಬರೂ ಬಿಟ್ಟುಕೊಟ್ಟವರು.

ನಮ್ಮ ಸ್ಥಿತಿ ಸ್ವಲ್ಪ ವಿಚಿತ್ರ. ಹಳ್ಳಿಯಿಂದ ಬೆಂಗಳೂರಿಗೆ, ಅಲ್ಲಿಂದ ಲಂಡನ್ನಿಗೆ ಬಂದ ನಾವು ಒಂದು ಕಾಲದ ಪಿಪ್‌ಗಳು. ಶಾಲೆಯ ಗೇಟಿನಲ್ಲಿ ಮಗಳು ‘ಅಮ್ಮಾ, ಇಲ್ಲಿ ಕನ್ನಡ ಮಾತಾಡಬೇಡ’ ಎಂದು ಪಿಸುಗುಟ್ಟಿದಾಗ ನಾವೇ ಜೋ. ಊರಿಂದ ಆರು ತಿಂಗಳ ವೀಸಾದಲ್ಲಿ ಬಂದ ಅಪ್ಪ, ಪಕ್ಕದ ಮನೆಯವರ ಮುಂದೆ ಕೈ ಎಲ್ಲಿಡಬೇಕೋ ತಿಳಿಯದೆ ನಿಂತಾಗ ಟೋಪಿ ಬೀಳುತ್ತಿರುವುದು ನಮ್ಮ ಮನೆಯಲ್ಲೇ. ಎತ್ತಿಕೊಡುವವರು ಯಾರು?

ಆದ್ದರಿಂದ ಈ ಸಲ ಮಕ್ಕಳು ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಓದುತ್ತಿದ್ದರೆ 27ನೇ ಅಧ್ಯಾಯವನ್ನು ಅವರ ಜೊತೆ ಕೂತು ಓದೋಣ. ಉಪದೇಶ ಬೇಡ, ‘ನೋಡಿದೆಯಾ’ ಎನ್ನುವುದೂ ಬೇಡ. ಮುಂದೆ ಪಿಪ್‌ ಸಾಲದಲ್ಲಿ ಮುಳುಗಿ ಕಾಯಿಲೆ ಬಿದ್ದಾಗ, ಬಂದು ಆರೈಕೆ ಮಾಡಿ, ಸಾಲ ತೀರಿಸಿ, ಸದ್ದಿಲ್ಲದೆ ಊರಿಗೆ ಹೋಗುವವನು ಅದೇ ಜೋ. ಪಿಪ್‌ ಅವನನ್ನು ಹುಡುಕಿಕೊಂಡು ಹೋಗುತ್ತಾನೆ. ಮಕ್ಕಳ ನಾಚಿಕೆ ಕಂಡು ನೊಂದ ದಿನ ಒಂದು ಲೆಕ್ಕ ನೆನಪಿರಲಿ: ಆ ಕಾದಂಬರಿಯಲ್ಲಿ 59 ಅಧ್ಯಾಯಗಳಿವೆ. ನಾಚಿಕೆ ಬರುವುದು 27ರಲ್ಲಿ.