ಮೈಸೂರು ಬೀಟೆ ಕುಸುರಿ ಪೀಠೋಪಕರಣಗಳ ರಫ್ತು

ಮೈಸೂರು ಬೀಟೆ ಕುಸುರಿಯು ಬೀಟೆ ಮರದ ಪೀಠೋಪಕರಣ ಹಾಗೂ ಫಲಕಗಳಲ್ಲಿ ಬೇರೆ ವಸ್ತುಗಳ ತುಣುಕುಗಳನ್ನು ಕೂರಿಸಿ ಚಿತ್ರ ಮೂಡಿಸುವ ಕರಕುಶಲ ಕಲೆ. ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬೀಟೆ ಮರದ ಬಾಗಿಲಿದೆ. ದಂತದ ವ್ಯಾಪಾರ ನಿಷೇಧಗೊಂಡ ನಂತರ ಬಣ್ಣದ ಮರ ಹಾಗೂ ಪ್ಲಾಸ್ಟಿಕ್ ತುಣುಕುಗಳು ಬಳಕೆಗೆ ಬಂದವು.

ರಫ್ತು ಮತ್ತು ನಿಯಂತ್ರಣ

ಈ ವಸ್ತುಗಳಿಗೆ ವಿದೇಶಗಳಲ್ಲಿಯೂ ಬೇಡಿಕೆಯಿದೆ. ಅಳಿವಿನ ಭೀತಿಯಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳನ್ನು ಸೇರಿಸಿದ ನಿರ್ಧಾರವು 2017ರ ಜನವರಿ 2ರಂದು ಜಾರಿಗೆ ಬಂದಿತು. ಇದು ನಿಷೇಧವಲ್ಲ, ಆದರೆ ರಫ್ತಿಗೆ ಮರದ ಕಾನೂನುಬದ್ಧ ಮೂಲವನ್ನು ದೃಢೀಕರಿಸುವ ದಾಖಲೆ ಅಗತ್ಯ. ಮರದ ತೂಕ 10 ಕಿ.ಗ್ರಾಂ ಮೀರದ ಸಿದ್ಧವಸ್ತುಗಳಿಗೆ ವಿನಾಯಿತಿ ಇರುವುದರಿಂದ ಸಣ್ಣ ಫಲಕಗಳ ರಫ್ತು ಸುಲಭ. ಭಾರವಾದ ಮೇಜು, ಮಂಚಗಳಿಗೆ ಈ ವಿನಾಯಿತಿ ದೊರೆಯುವುದಿಲ್ಲ.