ವೆನೀರ್ ಅಂಚು ಏಕೆ ಏಳುತ್ತದೆ?

ಪ್ರಶ್ನೆ: ಬಾಗಿಲಿನ ವೆನೀರ್ ಅಂಚು ಪದೇ ಪದೇ ಏಳುತ್ತಿದೆ. ಗೋಂದು ಕಳಪೆಯೇ? (ಓದುಗರು, ಚಿಕ್ಕೇರೂರು)

ಗೋಂದನ್ನು ಶಂಕಿಸುವುದು ಸಹಜ. ಆದರೆ ಗೋಂದೇ ಕಳಪೆಯಾಗಿದ್ದರೆ ವೆನೀರ್ ಎಂಬ ತೆಳು ಮರದ ಹಾಳೆ ಸಾಮಾನ್ಯವಾಗಿ ನಡುವೆಯೂ ಅಲ್ಲಲ್ಲಿ ಉಬ್ಬಬೇಕಿತ್ತು. ಅಂಚಷ್ಟೇ ಬಿಡುತ್ತಿದ್ದರೆ ತೇವ ಒಳನುಗ್ಗುವ ದಾರಿ ಅಲ್ಲಿದೆ. ಮಲೆನಾಡಿನ ಸೆರಗಿನ ನಿಮ್ಮ ಹಿರೇಕೆರೂರು ಸೀಮೆಯಲ್ಲಿ ಜೂನ್‌ನಿಂದ ಮಳೆಯ ತೇವ, ಮಾರ್ಚ್-ಏಪ್ರಿಲ್‌ನಲ್ಲಿ ಒಣ ಬಿಸಿಲು. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಅದರ ಹತ್ತಾರು ಪಟ್ಟು. ತೆಳು ವೆನೀರ್ ಮತ್ತು ಅಡಿಯ ಹಲಗೆ ಬೇರೆ ಬೇರೆ ಪ್ರಮಾಣದಲ್ಲಿ ಮಿಸುಕಿದಾಗ ಎಳೆತವೆಲ್ಲ ಅಂಚಿನ ಮೇಲೆ ಬೀಳುತ್ತದೆ. ಬಾಗಿಲಿನ ಮುಖಕ್ಕೆ ಮೂರು ಕೈ ಪಾಲಿಶ್ ಹೊಡೆದು, ನೆಲ ಒರೆಸಿದ ನೀರು ತಾಗುವ ಕೆಳಅಂಚನ್ನು ಹಾಗೇ ಬಿಡುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಎಷ್ಟೇ ದುಬಾರಿ ಗೋಂದೂ ಇದನ್ನು ಸರಿದೂಗಿಸಲಾರದು.

ದುರಸ್ತಿಯನ್ನು ಮರ ಒಣಗಿರುವ ಬೇಸಗೆಯಲ್ಲಿ ಮಾಡಿ. ಹಾಳೆಯಡಿಯ ಧೂಳು, ಹಳೆ ಗೋಂದನ್ನು ತೆಳು ಚಾಕುವಿನಿಂದ ಕೆರೆದು, ಸಿರಿಂಜಿನಲ್ಲಿ ಬಿಳಿ ಗೋಂದು ತುಂಬಿ, ಮೇಣದ ಕಾಗದದ ಮೇಲೆ ಮರದ ಪಟ್ಟಿಯಿಟ್ಟು ಕ್ಲ್ಯಾಂಪ್‌ನಿಂದ ಬಿಗಿದು ಒಂದು ದಿನ ಬಿಡಿ. ಬಿಸಿ ಇಸ್ತ್ರಿಪೆಟ್ಟಿಗೆಯೇ ಸಾಲದೇ ಎನ್ನುವವರಿದ್ದಾರೆ. ಹಳೆಯದು ಬಿಳಿ ಗೋಂದಾಗಿದ್ದರೆ ಅದು ಬಿಸಿಗೆ ಮೆತ್ತಗಾಗಿ ಮತ್ತೆ ಹಿಡಿಯಬಲ್ಲದು. ಆದರೆ ಕಾರ್ಖಾನೆಗಳು ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಗೋಂದು ಒಮ್ಮೆ ಗಟ್ಟಿಯಾದರೆ ಕರಗದು, ಅಲ್ಲಿ ಇಸ್ತ್ರಿ ವ್ಯರ್ಥ. ಕೊನೆಗೆ ನಾಲ್ಕೂ ಅಂಚಿಗೆ ವಾರ್ನಿಷ್ ಸವರಿ, ಕೆಳಗಿನದಕ್ಕೆ ಒಂದು ಕೈ ಹೆಚ್ಚು.