ಅಟ್ಟದಿಂದ ಇಳಿದ ಹಳೆಯ ಗರಗಸ



ಮುಂಗಾರಿನ ಗಾಳಿಗೆ ಹಂಸಭಾವಿಯ ನಮ್ಮ ತೋಟದ ಬದುವಿನ ಮಾವಿನ ಮರ ಬೇರುಸಹಿತ ಉರುಳಿ ಫಲ ಕೊಡುತ್ತಿದ್ದ ಅಡಿಕೆ ಗಿಡಗಳ ಮೇಲೆ ಮಲಗಿತು. ಮರ ಕೊಯ್ಯುವ ಯಂತ್ರದವರನ್ನು ವಿಚಾರಿಸಿದರೆ, ನಮ್ಮ ಪಾಳಿ ಬರಲು ಎಂಟು ದಿನ ಎಂದರು. ಆಗ ನೆನಪಾದದ್ದು ನಮ್ಮ ತಂದೆಯವರು 1980ರ ದಶಕದಲ್ಲಿ ಕೊಂಡು, ಕೆಲವೇ ವರ್ಷಗಳಲ್ಲಿ ಅಟ್ಟಕ್ಕೆ ಏರಿಸಿದ್ದ ಪೆಟ್ರೋಲ್ ಗರಗಸ. ಇಳಿಸಿ ತೋರಿಸಿದಾಗ ಗ್ಯಾರೇಜಿನ ಮೇಸ್ತ್ರಿ, "ಸಾವ್ಕಾರ್ರ, ಇದು ಗುಜರಿಗೆ ಹಾಕೂ ಮಾಲು ಐತ್ರಿ" ಎಂದು ಕೈತೊಳೆದುಕೊಂಡ. ಮಾವಿನ ಮರವನ್ನು ಬೇರೆಯವರೇ ಬಂದು ಕೊಯ್ದರು. ನಾವು ಮಾತ್ರ ಹಟ ಬಿಡದೆ ಪ್ರತಿ ಸಂಜೆ ಆ ಗರಗಸದೊಂದಿಗೆ ಕುಳಿತೆವು. ಹಲವು ಸದಸ್ಯರ ಮನೆಗಳಲ್ಲಿ ಇಂಥ ಯಂತ್ರಗಳು ಧೂಳು ತಿನ್ನುತ್ತಿರುವುದರಿಂದ ನಮ್ಮ ಅನುಭವವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಹುಳು ಕಲಿಸಿದ ಪಾಠ

ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ತಯಾರಿಸಿದ ವಿದ್ಯುತ್ ಗರಗಸವನ್ನು ಎತ್ತಲು ಇಬ್ಬರು ಬೇಕಾಗಿತ್ತು. 1929ರಲ್ಲಿ ಪೆಟ್ರೋಲಿನದು ಬಂತು. ಒಬ್ಬನೇ ಹಿಡಿದು ನಡೆಸುವ ಯಂತ್ರಗಳು ಬಳಕೆಗೆ ಬರುವ ಹೊತ್ತಿಗೆ 1950 ಆಗಿತ್ತು. ಸರಪಳಿಯ ಕಥೆ ಇನ್ನೂ ಸ್ವಾರಸ್ಯದ್ದು. ಅಮೆರಿಕದ ಆರೆಗಾನ್ ಪ್ರಾಂತದ ಜೋ ಕಾಕ್ಸ್ ಎಂಬವರು 1946ರಲ್ಲಿ ಮರದ ಬೊಡ್ಡೆಯೊಂದರಲ್ಲಿ ಕೊರಕ ಹುಳುವನ್ನು ಕಂಡರು. ಅದು ತನ್ನ ದವಡೆಯಿಂದ ಎಡಕ್ಕೂ ಬಲಕ್ಕೂ ಹೆರೆಯುತ್ತ ಸಲೀಸಾಗಿ ಸಾಗುತ್ತಿತ್ತು. ಅದನ್ನೇ ಅನುಸರಿಸಿ ಎಡಬಲ ಬಾಗಿದ ಹಲ್ಲುಗಳ ಸರಪಳಿಯನ್ನು ರೂಪಿಸಿದರು. ಇಂದಿನ ಸರಪಳಿಗಳೆಲ್ಲ ಬಹುತೇಕ ಅದರ ಸಂತತಿಯೇ. ಕಾಫಿ ಗಿಡಕ್ಕೆ ಕಾಂಡಕೊರಕ ಬಿದ್ದು ನೊಂದ ಬೆಳೆಗಾರರು, ಆ ಕುಲದಿಂದ ಇಷ್ಟಾದರೂ ಉಪಕಾರವಾಯಿತೆಂದು ಸಮಾಧಾನಪಡಬಹುದು.

ದುರಸ್ತಿಯ ಕ್ರಮ

ಮೊದಲು ಹಗ್ಗ ಎಳೆಯಬಾರದು. ಪ್ಲಗ್ ಬಿಚ್ಚಿ, ಸಿಲಿಂಡರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ನಿಧಾನವಾಗಿ ತಿರುಗಿಸಬೇಕು. ಸೈಲೆನ್ಸರ್ ಕಳಚಿ ರಂಧ್ರದಿಂದ ಇಣುಕಿದರೆ ಪಿಸ್ಟನ್ ಕಾಣುತ್ತದೆ. ಅದರ ಮೈಮೇಲೆ ಉದ್ದುದ್ದ ಗೀರುಗಳಿದ್ದರೆ ಖರ್ಚು ದೊಡ್ಡದು. ನಮ್ಮದರ ಮೈ ನುಣುಪಾಗಿತ್ತು.

ಎರಡನೆಯದು ಕಿಡಿ. ಹಳೆಯ ಯಂತ್ರಗಳಲ್ಲಿ ಫ್ಲೈವ್ಹೀಲಿನ ಅಡಿ ಪಾಯಿಂಟ್ ಇರುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದರೆ ಅದಕ್ಕೆ ಕಿಲುಬು ಹಿಡಿಯುತ್ತದೆ. ನಯವಾದ ಪಾಲಿಶ್ ಕಾಗದದಿಂದ ಉಜ್ಜಿ, ಸಂದನ್ನು ಸುಮಾರು 0.4 ಮಿ.ಮೀ.ಗೆ, ಪ್ಲಗ್ಗಿನದನ್ನು 0.5 ಮಿ.ಮೀ.ಗೆ ಹೊಂದಿಸಿದೆವು. ಕೈಪಿಡಿ ಸಿಕ್ಕವರು ಅದರಲ್ಲಿ ಹೇಳಿದ ಅಳತೆಯನ್ನೇ ಅನುಸರಿಸತಕ್ಕದ್ದು.

ಮೂರನೆಯದು ಕಾರ್ಬ್ಯುರೇಟರ್. ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲ್ ಬೆಲ್ಲದ ಪಾಕದಂತೆ ಅಂಟಾಗಿತ್ತು. ಕೆಲಸ ಮುಗಿದ ಕೂಡಲೇ ಟ್ಯಾಂಕ್ ಬರಿದು ಮಾಡುತ್ತಿದ್ದ ತಂದೆಯವರು ಹೀಗೇಕೆ ಬಿಟ್ಟರೆಂದು ಆಗ ಅರ್ಥವಾಗಲಿಲ್ಲ. ಒಳಗಿನ ರಬ್ಬರ್ ಪೊರೆ ಹಪ್ಪಳದಂತೆ ಸೆಟೆದಿತ್ತು. ಪೊರೆ, ಪೆಟ್ರೋಲ್ ಕೊಳವೆ, ಫಿಲ್ಟರ್ ಮೂರನ್ನೂ ಹೊಸದಾಗಿ ಹಾಕಿದೆವು. ಇಷ್ಟಾದರೂ ಗಾಳಿ ಬಿಟ್ಟಾಗ ಎಂಜಿನ್ ಕೂಗು ಇಳಿಯದಿದ್ದರೆ, ಕ್ರ್ಯಾಂಕಿನ ಸೀಲು ಒಡೆದು ಹೊರಗಾಳಿ ಸೇರುತ್ತಿದೆಯೆಂದು ತಿಳಿಯಿರಿ. ಹಾಗೆಯೇ ಓಡಿಸಿದರೆ ಪಿಸ್ಟನ್ ಸುಟ್ಟುಹೋಗುತ್ತದೆ.

ಎಣ್ಣೆ ಮತ್ತು ಅರ

ಈ ಎಂಜಿನ್ನಿಗೆ ಬೇರೆ ಎಣ್ಣೆಯಿಲ್ಲ; ಪೆಟ್ರೋಲಿನಲ್ಲಿ ಬೆರೆತದ್ದೇ ಅದರ ಜೀವ. ನಾವು ಹಳೆಯ ಯಂತ್ರಕ್ಕೆ 25ಕ್ಕೆ 1ರಂತೆ, ಅಂದರೆ ಲೀಟರಿಗೆ 40 ಮಿ.ಲೀ. ಟೂ-ಸ್ಟ್ರೋಕ್ ಎಣ್ಣೆ ಬೆರೆಸುತ್ತೇವೆ. ಅದರಲ್ಲಿ ನಾಲ್ಕು ಕಾಸು ಉಳಿಸಹೋಗಬೇಡಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. 2025ರ ಹೊತ್ತಿಗೆ ಬಂಕುಗಳಲ್ಲಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಗಿದೆ. ಅದು ತೇವ ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಆದ್ದರಿಂದ ಬೇಕಾದಷ್ಟೇ ಬೆರೆಸಿ, ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿರಿ.

ಸರಪಳಿ ಹರಿತವಿದ್ದರೆ ಹೊಟ್ಟು ಚಕ್ಕೆಚಕ್ಕೆಯಾಗಿ ಬೀಳುತ್ತದೆ. ಹಿಟ್ಟಿನಂತೆ ಬಿದ್ದರೆ ಅರ ಹಾಕುವ ಹೊತ್ತಾಯಿತೆಂದು ಅರ್ಥ. ಸರಿಯಾದ ದಪ್ಪದ ದುಂಡು ಅರದಿಂದ ಪ್ರತಿ ಹಲ್ಲಿಗೂ ಒಳಗಿನಿಂದ ಹೊರಕ್ಕೆ ಎರಡೋ ಮೂರೋ ಸಲ ಎಣಿಸಿ ಎಳೆಯಬೇಕು. ಅಡಿಕೆ ಮರ ಕೊಯ್ದಾಗ ನಾರು ಸ್ಪ್ರಾಕೆಟ್ಟಿನ ಬಳಿ ತುಂಬಿಕೊಳ್ಳುತ್ತದೆ. ಎಂಜಿನ್ ನಿಲ್ಲಿಸಿಯೇ ಅದನ್ನು ತೆಗೆಯಿರಿ.

ಒಂದು ಗಾಯದ ಗುರುತು

ಹನ್ನೆರಡನೆಯ ಸಂಜೆ ಯಂತ್ರ ಹೊತ್ತಿಕೊಂಡಿತು. ಹಿತ್ತಲಲ್ಲಿ ಅದರ ಕೂಗು ಕೇಳಿ ನಮ್ಮ ತಾಯಿಯವರು ಹೊರಗೆ ಬಂದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. "ಅದನ್ನ ಯಾಕ ಎಬ್ಬಿಸಿದಿ ತಮ್ಮಾ?" ಎಂದರು. ನಾವು ಓದಲು ಊರು ಬಿಟ್ಟಿದ್ದ ವರ್ಷಗಳಲ್ಲಿ ನಡೆದದ್ದನ್ನು ಅಂದು ಹೇಳಿದರು. ಗರಗಸದ ತುದಿ ಕೊಂಬೆಗೆ ತಾಗಿ ಹಿಂದಕ್ಕೆ ಚಿಮ್ಮಿ, ನಮ್ಮಲ್ಲಿ ದುಡಿಯುತ್ತಿದ್ದವನೊಬ್ಬನ ಭುಜ ಸೀಳಿತ್ತು. ಜೀವ ಉಳಿಯಿತು, ಆದರೆ ಆ ಕೈ ಮತ್ತೆ ಮೇಲೇಳಲಿಲ್ಲ. ತಂದೆಯವರು ಅಂದೇ ಯಂತ್ರವನ್ನು ಇದ್ದ ಹಾಗೆಯೇ ಅಟ್ಟಕ್ಕೆ ಎಸೆದಿದ್ದರು. ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿದ ಕಾರಣ ಹೀಗೆ ತಿಳಿಯಿತು.

ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ಕ್ಷಣಾರ್ಧದಲ್ಲಿ ಮುಖದತ್ತ ಚಿಮ್ಮುತ್ತದೆ. ಹಾಗೆ ಚಿಮ್ಮಿದಾಗ ಸರಪಳಿಯನ್ನು ನಿಲ್ಲಿಸಲೆಂದೇ 1970ರ ದಶಕದಿಂದ ಅದಕ್ಕೆ ಬ್ರೇಕ್ ಬಂದಿದೆ. ನಮ್ಮದರಂಥ ಹಳೆಯ ಎಷ್ಟೋ ಯಂತ್ರಗಳಲ್ಲಿ ಅದಿಲ್ಲ.

ದುರಸ್ತಿಯ ಸುದ್ದಿ ತಿಳಿದು, ಈ ಗರಗಸವನ್ನು ಸಂಘದ ಮೂಲಕ ಬಾಡಿಗೆಗೆ ಕೊಡಬೇಕೆಂದು ಕೆಲವು ಸದಸ್ಯರು ಕೇಳಿದ್ದಾರೆ. ಕಾರ್ಯದರ್ಶಿಯಾಗಿ ನಮ್ಮ ಉತ್ತರ: ಸಾಧ್ಯವಿಲ್ಲ, ಕ್ಷಮಿಸಿರಿ. ನಮ್ಮ ಮನೆಯಲ್ಲೂ ಅದಕ್ಕೆ ಒಂದೇ ಕೆಲಸ. ಅಡಿಕೆ ಬೇಯಿಸುವ ಒಲೆಗಾಗಿ ನೆಲದ ಮೇಲಿನ ದಿಮ್ಮಿಗಳನ್ನು ತುಂಡು ಮಾಡುವುದು. ಅದೂ ನಮ್ಮ ಕೈಯಿಂದಲೇ. ನಿಂತ ಮರಕ್ಕಾಗಲಿ ಎತ್ತರದ ಕೊಂಬೆಗಾಗಲಿ ಅದನ್ನು ಒಯ್ಯುವುದಿಲ್ಲ. ಮರ ಕಡಿಯುವವರು ಬ್ರೇಕ್ ಇರುವ ಯಂತ್ರವನ್ನೇ ತರಿಸಿರಿ. ವಿನಾಯಿತಿಯಿಲ್ಲದ ಜಾತಿಯಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.

ನಿಮ್ಮ ಅಟ್ಟದ ಯಂತ್ರವನ್ನು ಇಳಿಸುವ ಮುನ್ನ, ಅದು ಯಾಕೆ ಅಟ್ಟ ಸೇರಿತೆಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿರಿ. ನಾವು ಕೇಳಿರಲಿಲ್ಲ.